ನೀಲಿ ಮೊಟ್ಟೆಯ ಎರಡು ಬದಿ

ಸುಬಾಂಗ್ ಜಯಾ
9 ನವೆಂಬರ್ 2025, ಭಾನುವಾರ ಬೆಳಿಗ್ಗೆ

ಮಗಳೇ ಮೇಧಾ,

ಈ ಕಾಗದದ ಜೊತೆ ನಿನ್ನ ಮೊಟ್ಟೆಯನ್ನೂ ಇವತ್ತೇ ನಿನ್ನ ಕೈ ಸೇರುವ ಹಾಗೆ ಕಳಿಸುತ್ತಿದ್ದೇನೆ. ಮೊದಲು ಕಾಗದ ಓದು. ನೀನಿರುವ ಪುತ್ರಜಯಾ ಏನೂ ದೂರವಲ್ಲ, ನಾನೇ ಬಂದು ಹೇಳಬಹುದಿತ್ತು. ಆದರೆ ಎದುರು ಕೂತರೆ ನೀನು ಊಟ ಆಯ್ತಾ ಎನ್ನುತ್ತೀಯ, ನಾನು ಆಯ್ತು ಎನ್ನುತ್ತೇನೆ. ಹೇಳಬೇಕಾದ್ದು ಹಾಗೇ ಉಳಿದುಬಿಡುತ್ತದೆ.

ನಿನ್ನೆ ಫೋನಿನಲ್ಲಿ, "ಅಮ್ಮಾ, ನಂಗೆ ಎನಾಮಲ್ ಕೆಲಸ ಬರಲ್ಲ ಅಷ್ಟೇ. ಲಂಡನ್ ಸ್ಕೂಲ್‌ನವರಿಗೆ ಮಂಡೇ ನೋ ಅಂತ ಮೇಲ್ ಹಾಕ್ತೀನಿ. ಫೈನ್ ಲಾ, ಆಫೀಸ್ ಇದ್ಯಲ್ಲ" ಎಂದೆ. ಆ ಮೇಲ್ ಕಳಿಸಬೇಡ. ತಪ್ಪು ನಿನ್ನ ಕೈಯದಲ್ಲ, ನನ್ನದು.

ದಸರೆಗೆ ಗೊಂಬೆ ಕೂರಿಸುವಾಗ ಪಟ್ಟದ ರಾಜರಾಣಿಯರ ಪಕ್ಕದಲ್ಲೇ ನಿನ್ನ ಮೊಟ್ಟೆ ಇಡಬೇಕೆಂದು ನನಗೆ ಆಸೆಯಾಯಿತು. ರಷ್ಯಾದ ಚಕ್ರವರ್ತಿಯ ಮನೆತನಕ್ಕೆ ಮಾಡಿಕೊಟ್ಟ ರತ್ನದ ಮೊಟ್ಟೆಗಳನ್ನು ನೋಡಿ ನೀನು ಎರಡು ವರ್ಷ ಕೂತು, ಬೆಳ್ಳಿಯ ಮೇಲೆ ಗಾಜಿನ ಬಣ್ಣ ಸುಟ್ಟು ಮಾಡಿದ್ದು. ಅಲ್ಲಿಗೆ ಅದಕ್ಕಿಂತ ಒಪ್ಪುವಂಥದ್ದು ಇನ್ನೇನಿತ್ತು? ಮೈಸೂರಿನಿಂದ ಬಂದಿದ್ದ ಅಜ್ಜಿ ಮಾತ್ರ ಸೆರಗು ಬಾಯಿಗೆ ಹಿಡಿದರು. "ದೇವರ ಮುಂದೆ ಮೊಟ್ಟೇನಾ? ಚಕ್ರವರ್ತೀದಾದ್ರೇನು, ಕೋಳೀದಾದ್ರೇನು, ಮೊಟ್ಟೆ ಮೊಟ್ಟೇನೇ ಕಣೆ!" ಇದು ಬರೀ ಬೆಳ್ಳಿ, ಗಾಜು ಅತ್ತೆ ಎಂದೆ. "ಹಾಗಾದ್ರೆ ದೀಪದ ಕಂಬದ ಜೊತೆ ಹುಣಸೆಹಣ್ಣು ಹಾಕಿ ತೊಳೆದಿಡು" ಎಂದರು.

ತೊಳೆದೆ. ಹುಣಸೆಹಣ್ಣು, ಕಲ್ಲುಪ್ಪು, ತೆಂಗಿನ ನಾರು. ವರ್ಷವರ್ಷವೂ ಹಿತ್ತಾಳೆ ಉಜ್ಜುವ ಹಾಗೆಯೇ. ಆ ನೀಲಿಯನ್ನು ನೀನು ಹನ್ನೊಂದು ಸಲ ಕುಲುಮೆಯಲ್ಲಿಟ್ಟು ತಂದದ್ದು ನನಗೆ ಗೊತ್ತಿತ್ತು, ಹುಳಿ ಅದನ್ನು ತಿನ್ನುತ್ತದೆಂದು ಗೊತ್ತಿರಲಿಲ್ಲ. ನೀಲಿ ಮಂಕಾಯಿತು, ಬಂಗಾರದ ಎಳೆಗಳು ಸವೆದು ಬೆಳ್ಳಿ ಕಂಡಿತು. ತಿಳಿಯದೆ ಆಯಿತು.

ಮುಂದಿನ ಭಾನುವಾರ ನೀನು ಬಂದು ಅದನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದೆ. "ಇಲ್ಲಿನ ಸೆಖೆಗೆ ಹೀಗಾಯ್ತೇನೋ" ಎಂದವಳು ನಾನು. ಫೋಟೊ ನೋಡಿದ ನಿನ್ನ ಮೇಷ್ಟ್ರು ಲಿಯಾಂಗ್, ಸರಿಯಾಗಿ ಸುಟ್ಟ ಬಣ್ಣ ಸೆಖೆಗೆ ಹೆದರುವುದಿಲ್ಲ ಎಂದರಂತೆ. ಅಂದಿನಿಂದ ನೀನು ಅವರ ಕುಲುಮೆಯ ಕಡೆ ಹೋಗಲಿಲ್ಲ. "ಒಳ್ಳೇದೇ ಆಯ್ತು ಬಿಡು, ಹತ್ತಿರದಲ್ಲೇ ಇರ್ತಾಳೆ" ಎಂದರು ನಿಮ್ಮಪ್ಪ. ನಾನು ಅವರಿಗೆ ಇನ್ನಷ್ಟು ಸಾರು ಬಡಿಸಿದೆ.

ನಿನ್ನೆ ನೀನು ಫೋನಿಟ್ಟ ಮೇಲೆ ಲಿಯಾಂಗ್ ಅವರಿಗೆ ಎಲ್ಲ ಹೇಳಿದೆ.  ಸೋಮವಾರವೇ ತರಲಿ, ಮೇಲಿನ ಪದರ ತೇದು ತೆಗೆದು ಮತ್ತೆ ಸುಟ್ಟು ನೋಡೋಣ ಎಂದರು. ಪರೀಕ್ಷೆಗೆ ಮೊಟ್ಟೆ ಕಳಿಸಲು ಲಂಡನ್‌ನವರು ಕೊಟ್ಟ ಗಡುವು ತಿಂಗಳ ಕೊನೆಯವರೆಗೂ ಇದೆಯಂತೆ. ಕೈ ಬಹಳ ಒಳ್ಳೆಯದು ಆ ಹುಡುಗಿಯದು ಎಂದೂ ಹೇಳಿದರು. ಅದು ನಾನು ಕೇಳದೆಯೇ ಅವರು ಹೇಳಿದ್ದು.

ಆ ಚಕ್ರವರ್ತಿ ತನ್ನ ತಾಯಿಗೆ ಇಂಥ ಮೊಟ್ಟೆ ಕೊಡುತ್ತಿದ್ದ, ಒಳಗೊಂದು ಅಚ್ಚರಿ ಇಡಿಸುತ್ತಿದ್ದ ಎಂದು ನೀನೇ ಹೇಳಿದ್ದೆ. ನಿನ್ನದರೊಳಗೂ ಏನೋ ಇದೆ, ಅಲ್ಲಾಡಿಸಿದರೆ ಕಿಣಿ ಎನ್ನುತ್ತದೆ. "ನಾನೇ ತೆಗೆದು ತೋರಿಸ್ತೀನಿ, ನೀನು ತೆಗೀಬಾರ್ದು" ಎಂದಿದ್ದೆ. ಅದೊಂದು ಮಾತನ್ನು ಮೀರಿಲ್ಲ. ಇನ್ನು ನೀನು ತೋರಿಸದಿದ್ದರೆ ಕೇಳುವ ಹಕ್ಕು ನನಗಿಲ್ಲ.

ನಿನ್ನ ಅಮ್ಮ,
ಮೋಹಿನಿ

ಮರೆತದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ: ಅಜ್ಜಿಯನ್ನು ದೂರಬೇಡ. ಮೊದಲು ಉಜ್ಜಿದ್ದು ಬಲಬದಿಯನ್ನು. ನೀರು ಹಾಕಿದಾಗ ಅಲ್ಲಿ ನೀಲಿ ಸತ್ತಿತ್ತು, ಎಡಬದಿ ಇನ್ನೂ ಹೊಳೆಯುತ್ತಿತ್ತು. ತಲೆಯೆತ್ತಿದರೆ ಎದುರಿಗೆ ಫ್ರಿಜ್ಜಿನ ಬಾಗಿಲಿಗೆ ನೀನು ಅಂಟಿಸಿದ್ದ, ನಿನ್ನನ್ನು ಅಲ್ಲಿಗೆ ಬಾ ಎಂದು ಕರೆದ ಲಂಡನ್ನಿನ ಪತ್ರ. ಆಮೇಲೆ ಎಡಬದಿಯನ್ನೂ ಉಜ್ಜಿದೆ. ಇದನ್ನು ಲಿಯಾಂಗ್ ಅವರಿಗೆ ಹೇಳಿಲ್ಲ.