ನೀರು ಕೊಡದ ಮನೆ

ಕೆಂಟನ್,
ಮಂಗಳವಾರ, 7 ಅಕ್ಟೋಬರ್ 2025

ಇಲ್ಫರ್ಡಿನ ನೀರಜಾ ಅತ್ತಿಗೆಗೆ ಸ್ವರ್ಣಲತಾ ಮಾಡುವ ನಮಸ್ಕಾರಗಳು.

ಕಾಗದ ನೋಡಿ ಗಾಬರಿಯಾಗಬೇಡಿ, ಎಲ್ಲರೂ ಆರೋಗ್ಯವಾಗಿದ್ದೇವೆ. ಫೋನಿನಲ್ಲಿ ನೀವು ನನ್ನ ಮಾತು ಮುಗಿಯಲು ಬಿಡುವುದಿಲ್ಲ. ಕಳೆದ ವರ್ಷ ನನ್ನ ಅನೀಶ ತೀರಿಹೋದ ಮೇಲೆ ದಿನವೂ ಡೈರಿಯಲ್ಲಿ ನಾಲ್ಕು ಸಾಲು ಬರೆಯುತ್ತಿದ್ದೇನೆ. ಬಾಯಲ್ಲಿ ಬಾರದ್ದು ಪೆನ್ನಿನಲ್ಲಿ ಬರುತ್ತದೆ.

ಕ್ವೀನ್ಸ್‌ಬರಿಯ ಅಂಗಡಿಯಲ್ಲಿ ನಮ್ಮೂರ ವಿಭಾ ಸಿಕ್ಕಿದ್ದಳು. ನೀವು ಅವಳ ಹತ್ತಿರ ನಮ್ಮ ಸೊಸೆಯ ತವರಿನವರ ಬಗ್ಗೆ, "ಅದ್ ಎಂತ ದೇಶವೋ ಮಾರಾಯ್ತಿ, ಸಾವಿನ್ ಮನಿಗೆ ಕೆಂಪು ವಸ್ತ್ರ ಸುತ್ಕಂಡ್ ಬಂದ್ರ್, ಬಾಯ್ ಬಿಡ್ದೆ ಕೂಕಂಡ್ರ್, ಎದ್ದ್ ಹೋದ್ರ್" ಎಂದಿರಂತೆ. ಎಂಥ ದೇಶ ಎಂದು ಕೇಳಿದ್ದೀರಲ್ಲ, ನನಗೆ ತಿಳಿದಷ್ಟು ಹೇಳುತ್ತೇನೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಇದೆಲ್ಲ ಸೊಸೆ ಅಕೋಸುವಾ ಅಡುಗೆಮನೆಯಲ್ಲಿ ನನಗೆ ಹೇಳಿಕೊಟ್ಟದ್ದು.

ಮೊದಲನೆಯದಾಗಿ, ಅವಳ ಊರು ‘ಆಫ್ರಿಕಾ’ ಅಲ್ಲ, ಘಾನಾ. ನಿಮ್ಮನ್ನು ಯಾರಾದರೂ ‘ಏಷ್ಯಾದ ಹೆಂಗಸು’ ಎಂದು ಕರೆದರೆ ಹೇಗಿರುತ್ತದೆ? ಆಫ್ರಿಕಾದ ಪಶ್ಚಿಮ ಭಾಗದಲ್ಲಿ, ಸಮುದ್ರದ ದಡದಲ್ಲಿದೆ. ತೆಂಗಿನ ಮರ, ಮೀನು ದೋಣಿ, ಬಲೆ ಎಳೆಯುವವರು, ಎಲ್ಲ ಇವೆ. ಅವಳು ಫೋಟೋ ತೋರಿಸಿದಾಗ ನಾನು ನಮ್ಮೂರ ಕಡೆಯ ಗಂಗೊಳ್ಳಿ ಎಂದುಕೊಂಡೆ. ಅದೇ ದಡದಲ್ಲಿ ಹಳೆಯ ಕೋಟೆಗಳಿವೆ. ಮನುಷ್ಯರನ್ನು ಕೂಡಿಹಾಕಿ ಹಡಗು ಹತ್ತಿಸುತ್ತಿದ್ದ ಕೋಟೆಗಳು. ಆ ಫೋಟೋ ಬಂದಾಗ ಅವಳು ಬೇಗ ಮುಂದೆ ಸರಿಸಿದಳು, ನಾನೂ ಕೇಳಲಿಲ್ಲ. ಬ್ರಿಟಿಷರು ನಮ್ಮನ್ನು ಬಿಟ್ಟು ಹತ್ತು ವರ್ಷದ ಮೇಲೆ ಅವರನ್ನು ಬಿಟ್ಟರು. ಚಿನ್ನ ಇದೆ, ಕೋಕೋ ಇದೆ. ನೀವು ಫ್ರಿಜ್ಜಿನಲ್ಲಿ ಮುಚ್ಚಿಡುವ ಚಾಕಲೇಟಿನಲ್ಲಿ ಅವರ ಕೋಕೋ ಇರಬಹುದು.

ಅವಳ ಜನ ಒಳನಾಡಿನ ಕುಮಾಸಿಯವರು. ಅವರಲ್ಲಿ ಹುಟ್ಟಿದ ವಾರದ ಮೇಲೂ ಒಂದು ಹೆಸರಿಡುತ್ತಾರೆ. ಅಕೋಸುವಾ ಎಂದರೆ ಭಾನುವಾರ ಹುಟ್ಟಿದವಳು. ಅನೀಶ ಹುಟ್ಟಿದ್ದು ಸೋಮವಾರ, ನನ್ನ ಹಾಸಿಗೆಯ ಪಕ್ಕದಲ್ಲಿ ನೀವೇ ಇದ್ದಿರಿ. ಅದಕ್ಕೇ ಅವಳು ಅವನನ್ನು ಕೋಜೋ ಎನ್ನುತ್ತಿದ್ದಳು. ಈಗಲೂ ಕೆಲಸಕ್ಕೆ ಹೊರಡುವಾಗ ಅವನ ಫೋಟೋಕ್ಕೆ ಹಾಗೇ ಹೇಳಿ ಹೋಗುತ್ತಾಳೆ.

ಇನ್ನು ಕೆಂಪು ವಸ್ತ್ರ. ಕಪ್ಪು, ಕೆಂಪು ಅವರಲ್ಲಿ ದುಃಖದ ಬಣ್ಣ. ತೀರ ಹತ್ತಿರದವರು ಹೋದಾಗ ಕೆಂಪು. ಎಂದರೆ ನನ್ನ ಮಗನನ್ನು ಅವರು ತಮ್ಮವನೆಂದು ಎಣಿಸಿ ಬಂದಿದ್ದರು. ನಾವು ಕಿಟಕಿ ಪರದೆ ಎಳೆದೆವು, ಅಕ್ಕಪಕ್ಕದವರು ನೋಡುತ್ತಾರೆ ಎಂದು.

ಬಾಯಿ ಬಿಡಲಿಲ್ಲ ಯಾಕೆ? ಇದನ್ನು ನಿಧಾನವಾಗಿ ಓದಿ ಅತ್ತಿಗೆ. ಅವರಲ್ಲಿ ಯಾರೇ ಮನೆಗೆ ಬರಲಿ, ಕೂರಿಸಿ ಮೊದಲು ನೀರು ಕೊಡಬೇಕು. ಕುಡಿದ ಮೇಲೆ ಮನೆಯ ಹಿರಿಯರು, ಬಂದ ಕಾರಣವೇನು ಎಂದು ಕೇಳಬೇಕು. ಅಲ್ಲಿಯವರೆಗೆ ಬಂದವರು ವಿಷಯ ತೆಗೆಯುವಂತಿಲ್ಲ. ನಾವು ಬೆಲ್ಲ ನೀರು ಕೊಡುವುದಿಲ್ಲವೇ, ಹಾಗೇ. ಆದರೆ ಅನೀಶನ ದೇಹ ಇನ್ನೂ ಆಸ್ಪತ್ರೆಯಲ್ಲಿತ್ತು, ನಮಗೆ ಸೂತಕ. ಅಭ್ಯಾಸಬಲದಿಂದ ನಾನು ಏಳಹೊರಟಾಗ ನೀವು ಕೈ ಹಿಡಿದು ಜಗ್ಗಿದಿರಿ: "ಸೂತಕದ್ ಮನಿಯಂಗೆ ಯಾರ್ ನೀರ್ ಕುಡಿತ್ರ್ ಹೆಣ್ಣೇ? ಸುಮ್ನೆ ಕೂಕೋ." ನಮ್ಮ ಲೆಕ್ಕದಲ್ಲಿ ಅದು ಸರಿಯೇ. ಅವರು ನೀರಿಗೆ ಕಾದರು, ನಾವು ಅವರ ಮಾತಿಗೆ ಕಾದೆವು. ನಿಮ್ಮ ತಮ್ಮ ಮಹಡಿಯಿಂದ ಇಳಿಯಲೇ ಇಲ್ಲ. ಅಕೋಸುವಾ ಮಾತ್ರೆ ನುಂಗಿ ಮಲಗಿದ್ದಳು. ಅವಳ ಸೋದರಮಾವ ತೊಡೆಯ ಮೇಲಿನ ಚೀಲವನ್ನು ಎರಡೂ ಕೈಯಲ್ಲಿ ಹಿಡಿದೇ ಇದ್ದರು. ನೀವು ನನ್ನ ಕಿವಿಯಲ್ಲಿ, "ಆ ಚೀಲ ಎಂತಕ್ಕೆ, ತುಂಬ್ಸ್ಕಂಡ್ ಹೋಪುಕಾ?" ಎಂದಿರಿ. ನನಗೆ ಆ ಹೊತ್ತಿನಲ್ಲೂ ನಗು ಬಂತು. ಕೊನೆಗೆ ಅವರು ಎದ್ದು ಹೋದರು.

ಸೂತಕ ಕಳೆದ ಮೇಲೆ ನಮ್ಮ ಮನೆಗೆ ಬಂದವರಿಗೆಲ್ಲ ಬೆಲ್ಲ ನೀರು ಕೊಟ್ಟೆ. ಬಾಯ್ಲರ್ ರಿಪೇರಿಯವನಿಗೂ ಕೊಟ್ಟೆ. ವರ್ಷವಿಡೀ ಆ ಹುಡುಗಿ ಅದನ್ನು ನೋಡುತ್ತಾ, ಎಲ್ಲರಿಗೂ ಕೊಡುವವರು ನನ್ನವರಿಗೆ ಮಾತ್ರ ಕೊಡಲಿಲ್ಲ ಎಂದುಕೊಂಡು, ನನ್ನ ಕಾಲು ನೋವಿಗೆ ಎಣ್ಣೆ ತಿಕ್ಕುತ್ತಾ ಇದ್ದಳು. ಮೊನ್ನೆ ಶನಿವಾರ ವಿಭಾ ಬಂದು ಹೋದ ಮೇಲೆ, ಆ ಖಾಲಿ ಲೋಟ ಹಿಡಿದುಕೊಂಡು ಕೇಳಿಯೇಬಿಟ್ಟಳು: "ಅಮ್ಮಾ, ವೈ ನಾಟ್ ದೆಮ್?" ನನಗೆ ಗೊತ್ತಿದ್ದ ಇಂಗ್ಲಿಷಿನಲ್ಲಿ ಸೂತಕವನ್ನು ಹೇಗೆ ಹೇಳಲಿ? ಹೇಳಿದೆ. ಅವಳು ನಂಬಿದಳು. ಅವಳ ಸೋದರಮಾವ ನಂಬಲಿಲ್ಲ. ಒಮ್ಮೆ ನೀರು ಕೊಡದಿದ್ದರೆ ಅದು ದುಃಖ, ಎರಡನೇ ಸಲವೂ ಕೊಡದಿದ್ದರೆ ಅದೇ ಉತ್ತರ ಎಂದರಂತೆ. ಈ ಭಾನುವಾರ ಬರುತ್ತಾರೆ. ಆ ದಿನ ಕೂತಿದ್ದ ಹಿರಿಯ ಹೆಂಗಸೇ ನೀರು ಕೊಡಬೇಕು, ಇಲ್ಲವಾದರೆ ಹುಡುಗಿಯನ್ನು ಟಾಟನ್‌ಹ್ಯಾಮಿನ ತಮ್ಮ ಮನೆಗೆ ಕರೆದೊಯ್ಯುತ್ತಾರೆ.

ಹಿರಿಯ ಹೆಂಗಸು ಎಂದರೆ ನೀವು. ನಿಮ್ಮ ತಮ್ಮನಿಗೆ ಹೇಳಿದರೆ, "ಅಕ್ಕ ಬತ್ತಿಲ್ಲೆ, ಸುಮ್ನೆ ಕೇಂಬುದ್ ಬ್ಯಾಡ" ಎಂದರು. ನನಗೆ ಸಾಕಾಗಿ ಹೋಗಿದೆ. ಮಗ ಹೋದ, ಅದು ಯಾರ ಕೈಯಲ್ಲೂ ಇರಲಿಲ್ಲ. ಇವಳು ಹೋಗುವುದು ಒಂದು ಲೋಟ ನೀರಿಗೆ. ಅವಳು ಹೋದರೆ ಈ ಮನೆಯಲ್ಲಿ ಅವನನ್ನು ಕೋಜೋ ಎಂದು ಕರೆಯುವವರು ಯಾರು?

ಎಲಿಜಬೆತ್ ಲೈನ್ ರೈಲು ಹತ್ತಿ ಬನ್ನಿ. ನೀವು ಇಳಿಯುವ ಸ್ಟೇಷನ್ನಿಗೆ ನಾನೇ ಬರುತ್ತೇನೆ. ಸಿಟ್ಟಿದ್ದರೆ ಊಟ ಮಾಡಬೇಡಿ.

ನಿಮ್ಮ ತಮ್ಮನ ಹೆಂಡತಿ,
ಸ್ವರ್ಣಲತಾ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದು ಎಂದಿದ್ದೆ. ಆ ಚೀಲದಲ್ಲಿ ಕೈಮಗ್ಗದ ಒಂದು ವಸ್ತ್ರ ಇತ್ತು. ಶವಪೆಟ್ಟಿಗೆಯಲ್ಲಿ ಅನೀಶನಿಗೆ ಹೊದಿಸಲು ಕುಮಾಸಿಯಿಂದ ತರಿಸಿದ್ದರಂತೆ. ಬಂದ ಕಾರಣ ನಾವು ಕೇಳಲಿಲ್ಲ, ಅವರಿಗೆ ಕೊಡಲಾಗಲಿಲ್ಲ. ಭಾನುವಾರ ಅದನ್ನೇ ಮತ್ತೆ ತರುತ್ತಾರೆ. ಅವನಿಲ್ಲ, ಅದನ್ನು ನಾವಿಬ್ಬರೇ ಕೈಚಾಚಿ ತೆಗೆದುಕೊಳ್ಳಬೇಕು. ಬೆಲ್ಲ ಪುಡಿ ಮಾಡಿ ಇಟ್ಟಿದ್ದೇನೆ.