ಹನ್ನೊಂದು ಡ್ರಮ್, ಅರ್ಧ ಸುತ್ತು

ಮಾರ್ಚ್ 4, ಬೆಳಿಗ್ಗೆ

ಆರನೆಯ ಡ್ರಮ್ಮೂ ಒರೆಸಿ ಮುಗಿಯಿತು. ಇನ್ನು ಐದು. ಬೆರಳಿಗೆ ಸೀಮೆಎಣ್ಣೆಯ ವಾಸನೆ ಹತ್ತಿಕೊಂಡಿದೆ. ಕಾಲೇಜಿನಲ್ಲಿ ನಾನು ಪಾಠ ಮಾಡುವ ಕವನ ಸಂಕಲನ ಮುಟ್ಟಿದರೆ ಪುಟಕ್ಕೂ ಅಂಟುತ್ತದೆ. ಇರಲಿ.

ಅಣ್ಣ ಸೈನ್ಯದ ಹರಾಜಿನಲ್ಲಿ ಕೊಂಡ ಟೆಲಿಫೋನ್ ಕೇಬಲ್. ದೊಡ್ಡ ಗಾಲಿಯಂಥ ಹನ್ನೊಂದು ಡ್ರಮ್, ಒಂದೊಂದಕ್ಕೂ ಸುತ್ತಿದ್ದು ಒಂದು ಕಿಲೋಮೀಟರ್, ಒಮ್ಮೆಯೂ ಬಿಚ್ಚದ್ದು. ಹತ್ತೊಂಬತ್ತು ವರ್ಷದಿಂದ ಈ ಗೋದಾಮಿನಲ್ಲಿದೆ. ಅಣ್ಣ ತೀರಿಕೊಂಡು ಆರು ವರ್ಷ. ತಿಂಗಳ ಕೊನೆಗೆ ಖಾಲಿ ಮಾಡಿ ಎಂದಿದ್ದಾರೆ ಗೋದಾಮಿನ ಮಾಲೀಕರು. ಗುಜರಿಯವನದು ದಿನಾ ಫೋನ್ — “ಸುಟ್ಟು ತಾಮ್ರ ತಗೋತೀನಿ ಅಕ್ಕಾ, ನಿಮಗ್ಯಾಕೆ ತಲೆನೋವು?”

ಸುಡುವುದು. ಅಣ್ಣ ಕೇಳಿದ್ದರೆ... ಬೇಡ.

ಅದೇ ದಿನ, ಮಧ್ಯಾಹ್ನ

ಕೇಬಲ್ ಬೇಕೇ ಎಂದು ನಾನು ಬರೆದಿದ್ದಕ್ಕೆ ಗಣಿ ರಕ್ಷಣಾ ದಳದಿಂದ ಉತ್ತರ ಬಂತು! ಕುಸಿದ ಸುರಂಗದೊಳಗೆ ಮೊಬೈಲ್ ನಡೆಯುವುದಿಲ್ಲ, ತಂತಿ ಎಳೆದುಕೊಂಡೇ ಹೋಗಬೇಕಂತೆ. ಪರೀಕ್ಷೆಯಲ್ಲಿ ಪಾಸಾದರೆ ಕೊಳ್ಳುತ್ತಾರೆ. ಇನ್‌ಸ್ಪೆಕ್ಟರ್ 11ನೇ ತಾರೀಖಿಗೆ ಬರುತ್ತಾರೆ.

ಅತ್ತಿಗೆಗೆ ಹೇಳಿದೆ. “ಹೂಂ” ಅಂದಳು. ಅಷ್ಟೇ. ಒಂದೇ ಮನೆಯಲ್ಲಿದ್ದೇವೆ, ಆದರೆ ಕೇಬಲ್ ಮಾತೆತ್ತಿದರೆ ಅವಳ ಮುಖ ಗಂಟು. “ನಿಮ್ಮಣ್ಣ ನನ್ನ ಜೊತೆಗಿಂತ ಆ ಡ್ರಮ್ ಜೊತೆ ಮಾತಾಡಿದ್ದೇ ಜಾಸ್ತಿ” — ಹಳೆಯ ದೂರು.

ಮಾರ್ಚ್ 7

ಹನ್ನೊಂದೂ ಒರೆಸಿದೆ. ಹಸಿರು ಬಣ್ಣ ಹೊಡೆದೆ. ಪಕ್ಕಗಳಲ್ಲಿ ಸೀಮೆಸುಣ್ಣದ ಗೀಚು, ಬಾಣ, ಏನೇನೋ. ಉಜ್ಜಿ ತೆಗೆದೆ. ಈಗ ಶಾಲೆಯ ಮೊದಲ ದಿನದ ಮಕ್ಕಳ ಹಾಗೆ ಸಾಲಾಗಿ ನಿಂತಿವೆ.

ಮಾರ್ಚ್ 11

ಇನ್‌ಸ್ಪೆಕ್ಟರ್ ಕೇಳಿದ ಮೊದಲ ಪ್ರಶ್ನೆ: “ಹೊರಳಿಸ್ತಿದ್ರಾ?”

ಡ್ರಮ್ ವರ್ಷಗಟ್ಟಲೆ ಒಂದೇ ಮಗ್ಗುಲಲ್ಲಿ ನಿಂತರೆ ಮೇಲಿನ ಭಾರಕ್ಕೆ ಕೆಳಗಿನ ಸುತ್ತುಗಳು ಚಪ್ಪಟೆಯಾಗಿ ಹೊದಿಕೆ ಸೀಳುತ್ತದಂತೆ. ಅದಕ್ಕೇ ಆರು ತಿಂಗಳಿಗೊಮ್ಮೆ ಅರ್ಧ ಸುತ್ತು ಹೊರಳಿಸಿ, ಸೀಮೆಸುಣ್ಣದಲ್ಲಿ ಬಾಣವನ್ನೂ ತಿಂಗಳನ್ನೂ ಬರೆಯುವುದು ಸೈನ್ಯದ ಉಗ್ರಾಣಗಳ ಪದ್ಧತಿ.

“ಬರೆದಿತ್ತು” ಅಂದೆ.

“ಎಲ್ಲಿ?”

“ನಾನೇ... ಒರೆಸಿಬಿಟ್ಟೆ.”

ಹಸಿರು ಬಣ್ಣ ನೋಡಿದರು. ನನ್ನನ್ನು ನೋಡಿದರು. ಓದುವುದೇ ನನ್ನ ಕಸುಬು, ಆ ಗೀಚನ್ನು ಓದಲಿಲ್ಲ.

“ಹೋಗ್ಲಿ, ನಿಮ್ಮಣ್ಣ ಹೋದ ಮೇಲೆ ಯಾರು ಹೊರಳಿಸಿದ್ದು?”



“ನಾನು.” ಬಾಗಿಲಲ್ಲಿ ಅತ್ತಿಗೆ, ಕೈಯಲ್ಲಿ ಟೀ ಫ್ಲಾಸ್ಕ್.

“ಒಬ್ರೇನಾ?”

“ಹಾರೆ ಇದೆಯಲ್ಲ, ಮೀಟಿದ್ರೆ ಉರುಳುತ್ತೆ. ಇವಳು ಕಾಲೇಜಿಗೆ ಹೋದಾಗ ಬರ್ತಿದ್ದೆ. ಕಂಡ್ರೆ ಅದಕ್ಕೂ ಒಂದು ಪದ್ಯ ಓದ್ತಾಳೆ.”

“ನಂಗ್ಯಾಕೆ ಹೇಳ್ಲಿಲ್ಲ ಅತ್ತಿಗೆ?”

“ನೀನು ಕೇಳ್ಲಿಲ್ಲ.”

ಹನ್ನೊಂದು ಡ್ರಮ್. ಹನ್ನೆರಡು ಸಲ. ಅವಳ ಸೊಂಟನೋವು ವಯಸ್ಸಿನದೆಂದು ತಿಳಿದು ಮುಲಾಮು ತಂದುಕೊಟ್ಟಿದ್ದೆ ನಾನು.

ಇನ್‌ಸ್ಪೆಕ್ಟರ್ ಟೀ ಕುಡಿದರು. “ನಂಬ್ತೀನಮ್ಮ. ಆದ್ರೆ ಸುರಂಗದಲ್ಲಿ ಸಿಕ್ಕೊಂಡೋರಿಗೆ ನನ್ನ ನಂಬಿಕೆ ಸಾಲಲ್ಲ. ಒಂದು ಡ್ರಮ್ ಪೂರ್ತಿ ಬಿಚ್ಚೋಣ. ಯಾವುದು ಅಂತ ನಾನೇ ಹೇಳ್ತೀನಿ. ಅದು ಕೈಕೊಟ್ರೆ ಯಾವುದೂ ಬೇಡ.”

ಮಾರ್ಚ್ 12

ಬಣ್ಣದ ಮೇಲೆ ಮತ್ತೆ ಬಾಣ ಬರೆಯಲು ಹೋದೆ. ಅತ್ತಿಗೆ ಸೀಮೆಸುಣ್ಣ ಕಿತ್ತುಕೊಂಡಳು. “ಸುಳ್ಳು ಸಾಕ್ಷಿ ಬೇಡ. ಹೊರಳಿಸಿದ್ದು ಡ್ರಮ್ಮಿಗೆ ಗೊತ್ತು.”

ಇಂಥ ಸಾಲು ಈ ವರ್ಷ ಓದಿದ ಯಾವ ಸಂಕಲನದಲ್ಲೂ ಸಿಗಲಿಲ್ಲ ಅಂದೆ.

“ಸುಮ್ನೆ ಹೋಗೇ.” ನಕ್ಕಳು.

ಮಾರ್ಚ್ 14, ಸಂಜೆ

ಇನ್‌ಸ್ಪೆಕ್ಟರ್ ಏಳನೆಯದನ್ನು ತೋರಿಸಿದರು. ಮೂಲೆಯದ್ದು, ಹಾರೆ ಹಾಕಲೂ ಜಾಗವಿಲ್ಲದ್ದು. ಇದನ್ನು ಅತ್ತಿಗೆ ಹೇಗೆ ಹೊರಳಿಸಿದಳೋ?

ಗೋದಾಮಿನ ಗೇಟಿನಿಂದ ಎಳೆದೆವು — ಬೇಕರಿ, ಬಸ್ ನಿಲ್ದಾಣ ದಾಟಿ, ಮೈದಾನದ ಆಚೆ ತುದಿಯವರೆಗೆ. ಇನ್‌ಸ್ಪೆಕ್ಟರ್ ಉದ್ದಕ್ಕೂ ಬೆರಳಾಡಿಸುತ್ತ ನಡೆದರು. ದುಂಡಗಿದೆ. ಎಲ್ಲೂ ಚಪ್ಪಟೆಯಿಲ್ಲ. ಒಂದು ಫೋನ್ ಕೊಟ್ಟು ಅತ್ತಿಗೆಯನ್ನು ಆ ತುದಿಯಲ್ಲಿ ಕೂರಿಸಿ ಬಂದರು. ಈ ತುದಿಯ ಹಳೇ ಫೋನಿನ ಹಿಡಿಕೆ ಗರಗರ ತಿರುಗಿಸಿ ರಿಸೀವರ್ ನನ್ನ ಕೈಗಿಟ್ಟರು.

ಮೊದಲು ಬರೀ ಮೌನ. ಆಮೇಲೆ ಉಸಿರು. ಕಿವಿಯ ಪಕ್ಕದಲ್ಲೇ ಇದ್ದ ಹಾಗೆ.

“ಏಳನೇದು ತಾನೇ? ಮೊಂಡ. ಥೇಟ್ ನಿಮ್ಮಣ್ಣ.”

“ಅತ್ತಿಗೆ, ಚೆನ್ನಾಗಿ ಕೇಳಿಸ್ತಿದೆ.”

“ಅಳ್ತಿದ್ದೀಯಾ? ಅದೂ ಚೆನ್ನಾಗಿ ಕೇಳಿಸ್ತಿದೆ.”

ಇನ್‌ಸ್ಪೆಕ್ಟರ್ ಬೇರೆ ಕಡೆ ತಿರುಗಿ ರುಜು ಹಾಕಿದರು.

ಮಾರ್ಚ್ 19

ಲಾರಿ ಹೋಯಿತು, ಹತ್ತು ಡ್ರಮ್ ಹೊತ್ತು. ಬಿಚ್ಚಿದ್ದನ್ನು ಕೊಳ್ಳುವುದಿಲ್ಲವಂತೆ, ನಿಯಮ. ಮತ್ತೆ ಸುತ್ತಿಟ್ಟ ಏಳನೆಯದು ನಮ್ಮ ಜೊತೆ ಮನೆಗೆ ಬಂತು. ಗುಜರಿಯವನ ಫೋನಿಗೆ ಅತ್ತಿಗೆಯೇ ಉತ್ತರಿಸಿದಳು. ಇನ್ನು ಅವನು ಫೋನ್ ಮಾಡಲಾರ.

ಸೆಪ್ಟೆಂಬರ್ 14

ವರಾಂಡದಲ್ಲಿ ಏಳನೆಯದು. ಹಾರೆಯ ಒಂದು ಕಡೆ ಅವಳು, ಇನ್ನೊಂದು ಕಡೆ ನಾನು. ಅರ್ಧ ಸುತ್ತು. ಅಬ್ಬಾ, ಎಂಥ ಭಾರ! ಇದನ್ನು ಒಬ್ಬಳೇ...

ಸೀಮೆಸುಣ್ಣ ನನ್ನ ಕೈಗಿತ್ತಳು. ಬಾಣ ಬರೆದೆ. ತಿಂಗಳು ಬರೆದೆ. ಕೆಳಗೆ ಅವಳ ಹೆಸರು ಬರೆಯಲು ಬಗ್ಗಿದರೆ, “ಯಾಕೇ, ಇನ್ನೊಂದ್ಸಲ ಒರೆಸೋಕಾ?”

ನಕ್ಕು ನಕ್ಕು ಸೀಮೆಸುಣ್ಣ ಮುರಿಯಿತು. ಹೆಸರು ಅರ್ಧವಾಗಿದೆ. ಇನ್ನೊಂದು ತುಂಡು ಹುಡುಕಲು ಒಳಗೆ ಬಂದವಳು ಇದನ್ನು ಬರೆಯುತ್ತ ಕೂತಿದ್ದೇನೆ. ಕರೆಯುತ್ತಿದ್ದಾಳೆ. ಸಿಕ್ಕಿತು ಅತ್ತಿಗೆ, ಬಂ—