ನಿಲಂತಿ ಅಕ್ಕನಿಗೆ ಏನು ಇಷ್ಟ

ನಿಲಂತಿ ಅಕ್ಕಾ,

ಅಕ್ಷರ ಓರೆಕೋರೆಯಾಗಿದೆ, ತಪ್ಪುಗಳೂ ಇರಬಹುದು, ಬೇಸರ ಮಾಡಬೇಡ. ಐದನೇ ಕ್ಲಾಸಿನ ನಂತರ ನಾನು ಹೆಚ್ಚು ಬರೆದವಳಲ್ಲ. ನಿನಗೆ ಕನ್ನಡ ಬರುತ್ತಿರಲಿಲ್ಲ, ಈಗ ನೀನೂ ಇಲ್ಲ. ಆದರೂ ನಿನ್ನೆ ನಡೆದದ್ದನ್ನು ನಿನಗೇ ಹೇಳಬೇಕು.

ನೀನು ತೀರಿಕೊಂಡು ನಿನ್ನೆಗೆ ಏಳು ದಿನವಾಯಿತು. ಬೆಳಿಗ್ಗೆಯೇ ನಿಮ್ಮೂರಿನ ಚಂದ್ರಾಣಿ ಅಕ್ಕ ನನ್ನನ್ನು ಈ ಗಲ್ಫ್ ಊರಿನ ಟುಬ್ಲಿ ಏರಿಯಾಕ್ಕೆ ಕರೆದುಕೊಂಡು ಹೋದರು. ಅಲ್ಲಿ ಗ್ಯಾರೇಜುಗಳ ಹಿಂದೆ, ಒಂದು ಬಾಡಿಗೆ ಮನೆಯಲ್ಲಿ ನಿಮ್ಮ ಲಂಕಾದವರು ಬುದ್ಧನ ಗುಡಿ ಮಾಡಿಕೊಂಡಿದ್ದಾರೆ. ಇಗರ್ಜಿ ಬಿಟ್ಟು ಬೇರೆ ಯಾವ ಗುಡಿಗೂ ಹೋಗದ ನಾನು ಬಾಗಿಲಲ್ಲೇ ನಿಂತೆ.

“ಒಳಗೆ ಬಾ ಜಸಿಂತಾ, ನಮ್ಮ ಬುದ್ಧ ಯಾರಿಗೂ ಬೈಯುವುದಿಲ್ಲ,” ಎಂದು ಅವರು ತಮ್ಮ ಹಿಂದಿಯಲ್ಲಿ ಕರೆದರು.

ಅಡುಗೆಮನೆಯಲ್ಲಿ ಹೆಂಗಸರು ಭಿಕ್ಷುಗಳಿಗೆ ಊಟ ತಯಾರು ಮಾಡುತ್ತಿದ್ದರು. ತೀರಿಹೋದವರಿಗೆ ಇಷ್ಟವಾದ ಅಡುಗೆಯೂ ಅದರಲ್ಲಿ ಇರಬೇಕಂತೆ.

“ನಿಲಂತಿಗೆ ಏನು ಇಷ್ಟ, ಹೇಳು. ಎರಡು ವರ್ಷ ಒಂದೇ ರೂಮಲ್ಲಿ ಇದ್ದವಳು ನೀನಲ್ಲವಾ?” ಎಂದು ಚಂದ್ರಾಣಿ ಅಕ್ಕ ಕೇಳಿದರು.

ನನಗೆ ಗೊತ್ತಿರಲಿಲ್ಲ ಅಕ್ಕಾ. ನಾನು ಕೆಲಸದಿಂದ ಬರುವಾಗ ನೀನು ನನಗಿಷ್ಟದ ಬಂಗುಡೆ ಸಾರು ಮಾಡಿಟ್ಟಿರುತ್ತಿದ್ದೆ. ನನಗೆ ಬಡಿಸಿ, ನಾನು ಎದ್ದ ಮೇಲೆ ನೀನು ಊಟಕ್ಕೆ ಕೂರುತ್ತಿದ್ದೆ. ಆಗ ನಾನು ಫೋನು ನೋಡುತ್ತಿದ್ದೆ.

ಎಲ್ಲರೂ ಕೈಯಲ್ಲಿ ಸೌಟು ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದರು. “ಬಂಗುಡೆ ಸಾರು,” ಅಂದುಬಿಟ್ಟೆ. ಅವರು ಫ್ರಿಜ್ಜಿನಿಂದ ಮೀನು ತೆಗೆದು ಅದನ್ನೇ ಮಾಡಿದರು, ನಿನ್ನ ಹೆಸರು ಹೇಳಿ ಭಿಕ್ಷುಗಳಿಗೆ ಬಡಿಸಿದರು. ನಿನ್ನ ಪ್ರೀತಿಯ ಊಟ ನಿನಗೆ ಸಿಕ್ಕಿತೆಂದು ಚಂದ್ರಾಣಿ ಅಕ್ಕ ಕಣ್ಣೊರೆಸಿಕೊಂಡರು. ನಾನು ಹೌದೆಂದು ತಲೆಯಾಡಿಸಿದೆ.

ಇವತ್ತು ಬೆಳಿಗ್ಗೆ ನಿನ್ನ ಕಪಾಟಿನ ಅಡುಗೆ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ, ನಿನಗೆ ಏನು ಇಷ್ಟವಿತ್ತೋ ಎಂದು ಒಂದೊಂದನ್ನೇ ತೆರೆದು ಮೂಸಿ ನೋಡಿದೆ.